ಬೂಸಾನ್ ಯುಎನ್ ಸ್ಮಶಾನದ ಅಜ್ಞಾತ ಸೈನಿಕರು: ಗುರುತು ಯಾಕೆ ಸಿಗ್ಲಿಲ್ಲ?

ಪ್ರಶ್ನೆ:
ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿರೋ, ಕೊರಿಯಾ ಯುದ್ಧದಲ್ಲಿ ಸತ್ತ ಯುಎನ್ (ವಿಶ್ವಸಂಸ್ಥೆ) ಸೈನಿಕರ ಸ್ಮಶಾನದ ಫೋಟೋಗಳನ್ನ ನೋಡ್ತಿದ್ದೆ, ಅಲ್ಲಿ ಅಜ್ಞಾತ ಸೈನಿಕರಿಗೆ ಅಂತಾನೇ ಒಂದು ದಾರಿ ಮಾಡಿದಾರೆ, ಪಕ್ಕದಲ್ಲಿ ನೀರು, ಕಾರಂಜಿ, ಪೈನ್ ಮರಗಳು. ಇನ್ನೊಂದು ಕಡೆ ಗೋಡೆ ಮೇಲೆ ಆ ಯುದ್ಧದಲ್ಲಿ ಸತ್ತ, ಕಾಣೆಯಾದ 40,896 ಯುಎನ್ ಸೈನಿಕರ ಹೆಸರು. 1950ರಲ್ಲಿ ಎಲ್ಲರ ಕತ್ತಲ್ಲೂ ಡಾಗ್ ಟ್ಯಾಗ್ (ಹೆಸರು, ನಂಬರ್ ಇರೋ ಗುರುತಿನ ಬಿಲ್ಲೆ) ಇರ್ತಿತ್ತಲ್ವಾ, ಆದ್ರೂ ಗುರುತು ಸಿಗದೆ ಹೇಗೆ ಹೋಯ್ತು?

ಉತ್ತರ 1:
ಆ ಯುದ್ಧದ ಮೊದಲ ವರ್ಷ ನೋಡಿ, ಉತ್ತರ ಕೊರಿಯಾ ದಾಳಿಗೆ ಯುಎನ್ ಪಡೆಗಳು ಆಗಸ್ಟಲ್ಲಿ ಬೂಸಾನ್ ತನಕ ಹಿಂದೆ ಸರಿದ್ರು, ಸೆಪ್ಟೆಂಬರಲ್ಲಿ ಇಂಚಾನ್ ಬಂದರಲ್ಲಿ ಇಳಿದು ಉತ್ತರಕ್ಕೆ ನುಗ್ಗಿದ್ರು, ಚಳಿಗಾಲಕ್ಕೆ ಚೀನಾ ಸೇನೆ ಬಂದು ಮತ್ತೆ ದಕ್ಷಿಣಕ್ಕೆ ತಳ್ತು. ಸತ್ತವರನ್ನ ಸಿಕ್ಕ ಜಾಗದಲ್ಲಿ ಅವಸರದಲ್ಲಿ ಹೂತು ಬಂದಿದ್ರು, ಆ ನೆಲ ಶತ್ರು ಕೈಗೆ ಹೋಯ್ತು. ಸೆರೆ ಶಿಬಿರಗಳಲ್ಲಿ ಸತ್ತವರು ಬೇರೆ. ಕದನವಿರಾಮ ಆಗಿದ್ದು 1953 ಜುಲೈನಲ್ಲಿ, ಎರಡೂ ಕಡೆ ಶವಗಳನ್ನ ಬದಲಾಯಿಸಿಕೊಂಡಿದ್ದು 1954ರಲ್ಲಿ, ಅಷ್ಟೊತ್ತಿಗೆ ಎಷ್ಟೋ ಜನರದ್ದು ಬರೀ ಮೂಳೆ ಉಳಿದಿತ್ತು. ಟ್ಯಾಗ್ ಇದ್ರೂ ಅದು ಆ ದೇಹದ ಜೊತೇಲೇ ಉಳಿದಿರಬೇಕಲ್ಲ.

ಉತ್ತರ 2:
ಗೋಡೆನೂ ಸಮಾಧಿನೂ ಒಂದೇ ಲೆಕ್ಕ ಅಲ್ಲ ಅನ್ನೋದು ಗೊತ್ತಿರ್ಲಿ. ಸ್ಮಶಾನ ಶುರುವಾಗಿದ್ದು 1951ರಲ್ಲಿ, ಒಂದು ಹಂತದಲ್ಲಿ ಸುಮಾರು 11,000 ಜನರನ್ನ ಅಲ್ಲಿ ಹೂತಿದ್ರು, ಆಮೇಲೆ ಅಮೆರಿಕದಂಥ ದೇಶಗಳು ತಮ್ಮವರನ್ನ ಊರಿಗೆ ತಗೊಂಡು ಹೋದ್ವು, ಈಗ ಉಳಿದಿರೋದು ಸುಮಾರು 2,300. ಬ್ರಿಟನ್ ಪದ್ಧತಿ ಬೇರೆ, ಆಗೆಲ್ಲ ಸತ್ತ ದೇಶದಲ್ಲೇ ಮಣ್ಣು ಮಾಡೋರು, ಅದಕ್ಕೇ ಅಲ್ಲಿ ಅವರ ಸಮಾಧಿಗಳೇ ಜಾಸ್ತಿ. ಗೋಡೆ ಮೇಲಿರೋರಲ್ಲಿ ಬಹುಪಾಲು ಜನ ಅಲ್ಲಿ ಇಲ್ವೇ ಇಲ್ಲ, ಅಂದ್ರೆ ಹೆಸರಿದೆ ಸಮಾಧಿ ಇಲ್ಲ, ಅಜ್ಞಾತ ಸೈನಿಕನಿಗೆ ಸಮಾಧಿ ಇದೆ ಹೆಸರಿಲ್ಲ. ಗೋಡೆ ಮೇಲಿನ ಯಾವ್ದೋ ಒಂದು ಹೆಸರು ಕೆಳಗಿನ ಅಜ್ಞಾತನದ್ದೇ ಇರ್ಬಹುದು, ಹೊಂದಿಸೋಕೆ ಆಗ್ತಿಲ್ಲ ಅಷ್ಟೇ. ನನಗೆ ತುಂಬಾ ಸಂಕಟ ಆಗೋದು ಇದೇ ವಿಷಯಕ್ಕೆ.

ಉತ್ತರ 3:
ಒಂದು ಸೇರಿಸ್ತೀನಿ, ಅಜ್ಞಾತ ಅಂದ್ರೆ ಕೊನೆ ತನಕ ಅಜ್ಞಾತ ಅಂತಲ್ಲ. ಅಮೆರಿಕದವರು ಗುರುತು ಸಿಗದವರನ್ನ ಹೊನೊಲುಲುವಿನ ಪಂಚ್‌ಬೌಲ್ ಸ್ಮಶಾನದಲ್ಲಿ ಹೂತಿದ್ರು, ಈಗ ಅವರನ್ನೇ ಹೊರತೆಗೆದು ಸಂಬಂಧಿಕರ ಡಿಎನ್‌ಎ ಜೊತೆ ಹೋಲಿಸ್ತಿದಾರೆ. 2018ರಲ್ಲಿ ಉತ್ತರ ಕೊರಿಯಾ 55 ಪೆಟ್ಟಿಗೆ ಅವಶೇಷ ವಾಪಸ್ ಕೊಡ್ತು, ಅದ್ರಲ್ಲೂ ಹೆಸರುಗಳು ಸಿಕ್ಕಿವೆ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್, ಇಷ್ಟು ವಿವರ ಬೇರೆಲ್ಲೂ ಸಿಕ್ಕಿರ್ಲಿಲ್ಲ. ದೂರದಲ್ಲಿರೋರು ಗೌರವ ಸಲ್ಲಿಸೋಕೆ ಏನಾದ್ರೂ ದಿನ ಇದ್ಯಾ?

ಉತ್ತರ 3:
ಇದೆ. ಕೆನಡಾದ ಒಬ್ಬ ಮಾಜಿ ಯೋಧರ ಸಲಹೆ ಮೇಲೆ 2007ರಿಂದ ನಡೀತಿದೆ. ನವೆಂಬರ್ 11, ಕೊರಿಯಾ ಟೈಮ್ ಬೆಳಗ್ಗೆ 11ಕ್ಕೆ ಬೂಸಾನ್ ಕಡೆ ಮುಖ ಮಾಡಿ ಒಂದು ನಿಮಿಷ ಮೌನ. ಭಾರತದಲ್ಲಿ ಆಗ ಬೆಳಗ್ಗೆ 7:30.