ತಾತ ಬರ್ಮಾದಿಂದ ತಂದ ಜಪಾನಿ ಕತ್ತಿ: ಉಜ್ಜಿಸಬೇಕಾ, ಹಾಗೇ ಬಿಡಬೇಕಾ?

ಕೇಳಿದವರು, ಮಡಿಕೇರಿ

ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿದ್ದರು. 1945ರಲ್ಲಿ ಜಪಾನಿ ಸೇನೆ ಶರಣಾದಾಗ ಅವರ ಕೈಸೇರಿದ ಕತ್ತಿಯೊಂದು ಇಷ್ಟು ವರ್ಷ ಅಟ್ಟದ ಪೆಟ್ಟಿಗೆಯಲ್ಲಿತ್ತು. ಹಿಡಿಯ ಮೇಲೆ ಕಂದು ಪಟ್ಟಿ ಸುತ್ತಿದೆ, ಹಿತ್ತಾಳೆ ಬಿಲ್ಲೆಯಂಥ ತಡೆಯಲ್ಲಿ ಹೂವಿನ ಕೆತ್ತನೆ ಇದೆ. ಒರೆ ಮರದ್ದು, ಮೇಲೆ ಚರ್ಮ. ಅಲಗಿನಲ್ಲಿ ಅಲ್ಲಲ್ಲಿ ತುಕ್ಕು. ಸಾಣೆ ಹಿಡಿಯುವವರೊಬ್ಬರು ಫಳಫಳ ಹೊಳೆಯುವಂತೆ ಮಾಡಿಕೊಡುತ್ತೇನೆ ಅಂದಿದ್ದಾರೆ. ಕೊಡಲಾ? ಇದು ನಿಜಕ್ಕೂ ಹಳೆಯದಾ, ತಿಳಿಯುವುದು ಹೇಗೆ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ, ನಗೋಯಾದಲ್ಲಿರುವ ಕನ್ನಡಿಗರು

ಕೊಡಬೇಡಿ. ಮೊದಲು ಇದೊಂದು ಮಾತು, ಉಳಿದದ್ದು ಆಮೇಲೆ. ಜಪಾನಿ ಅಲಗನ್ನು ಇಲ್ಲಿ ಅದಕ್ಕೆಂದೇ ವರ್ಷಗಟ್ಟಲೆ ಕಲಿತವರು ಒಂದಾದ ಮೇಲೊಂದು ನಯವಾದ ಕಲ್ಲುಗಳಲ್ಲಿ ಕೈಯಿಂದ ತಿಕ್ಕುತ್ತಾರೆ. ತಿರುಗುವ ಚಕ್ರಕ್ಕೆ ಕೊಟ್ಟರೆ ಏಣುಗಳು ಮೊಂಡಾಗಿ, ಅಲಗಿನ ಅಂಚಿಗೆ ಮೋಡದ ಸಾಲಿನಂತೆ ಕಾಣುವ ಹಾಮೊನ್ ಅಳಿಸಿಹೋಗುತ್ತದೆ. ಕಳೆದುಹೋದ ಉಕ್ಕು ವಾಪಸ್ ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಹಿಡಿಯೊಳಗೆ ಅಡಗಿರುವ ಬಾಲ, ಅಂದರೆ ನಕಾಗೊ. ಹಿಡಿಗೆ ಅಡ್ಡಲಾಗಿ ಒಂದು ಬಿದಿರಿನ ಗೂಟ ಇರುತ್ತದೆ, ಸೇನೆಯ ಕೆಲವು ಕತ್ತಿಗಳಲ್ಲಿ ಎರಡು. ಅದರ ತೆಳು ತುದಿಗೆ ಮೊಂಡು ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ ತೆಗೆಯಿರಿ, ಹಿಡಿ ಕಳಚುತ್ತದೆ. ಬಾಲದ ತುಕ್ಕನ್ನು ಮಾತ್ರ ಮುಟ್ಟಲೇಬೇಡಿ. ಶತಮಾನಗಳಷ್ಟು ಹಳೆಯದಾದರೆ ಅದು ಗಾಢ ಕಂದು, ಹೆಚ್ಚುಕಡಿಮೆ ಕಪ್ಪು, ಬೆರಳಿಗೆ ನುಣುಪು. ವಯಸ್ಸು ಹೇಳುವವರು ಮೊದಲು ನೋಡುವುದೇ ಆ ತುಕ್ಕನ್ನು. ಎರಡು ಮೂರು ತೂತುಗಳಿದ್ದರೆ, ಉದ್ದದ ಹಳೆಯ ಅಲಗನ್ನು ಮೊಟಕು ಮಾಡಿ ಹೊಸ ಹಿಡಿಗೆ ಹೊಂದಿಸಿರಬಹುದು. ಹಾಗೆ ಮೊಟಕು ಮಾಡುವಾಗ ಸಹಿ ಇದ್ದ ಭಾಗವೇ ಹೋಗಿರುವುದೂ ಉಂಟು. ಹಾಗಾಗಿ ಸಹಿ ಇಲ್ಲವೆಂದು ಬೇಸರ ಬೇಡ.

ಸಹಿ ಇದ್ದರೂ ಕೂಡಲೇ ನಂಬಬೇಡಿ. ದೊಡ್ಡ ಕಮ್ಮಾರರ ಹೆಸರನ್ನು ಬೇರೆಯವರು ಕೆತ್ತುವ ಚಾಳಿ ಬಹಳ ಹಳೆಯದು. ಕೊತೆತ್ಸು ಅಂಥ ಒಬ್ಬ ಹೆಸರಾಂತ ಕಮ್ಮಾರ. ‘ಕೊತೆತ್ಸು ಕಂಡರೆ ನಕಲಿ ಅಂದುಕೊ’ ಎಂಬ ಮಾತೇ ಇಲ್ಲಿದೆ. ನಾನು ಮೊದಲ ಸಲ ಕೊಂಡಾಗ ಹೆಸರು ನೋಡಿ ಮರುಳಾದೆ. ಅಲಗಿನ ಆಕಾರ ಆ ಕಮ್ಮಾರನ ಕಾಲದ್ದೇ ಅಲ್ಲ ಎಂದು ಹಿರಿಯರೊಬ್ಬರು ನಿಂತಲ್ಲೇ ತೋರಿಸಿಕೊಟ್ಟರು. ಅಂದಿನಿಂದ ಮೊದಲು ಆಕಾರ, ಆಮೇಲೆ ಉಕ್ಕಿನ ಪದರ, ಆಮೇಲೆ ಹಾಮೊನ್, ಹೆಸರು ಕಟ್ಟಕಡೆಗೆ.

ನೀವು ಹೇಳಿದ ಹೂವು ಸಕುರಾ, ಅಂದರೆ ಚೆರ್ರಿ ಹೂವು, ಆಗಿದ್ದರೆ ಅದು ಸೇನಾಧಿಕಾರಿಗಳ ಕತ್ತಿ, ಗುಂತೊ. ಹಿಡಿ, ತಡೆ, ಒರೆ 1934ರ ಅಥವಾ 1938ರ ಮಾದರಿಯವು ಇರಬೇಕು. ಒಳಗಿನ ಅಲಗು ಅದೇ ಕಾಲದ್ದೇ ಆಗಬೇಕೆಂದಿಲ್ಲ. ಮನೆತನದ ಹಳೆಯ ಅಲಗಿಗೆ ಸೇನೆಯ ಹಿಡಿ ಹಾಕಿಸಿ ಯುದ್ಧಕ್ಕೆ ಒಯ್ದವರೂ ಇದ್ದರು. ಯುದ್ಧದ ಕೊನೆಗೆ ಕೈಬದಲಾದ ಕತ್ತಿಗಳ ನಡುವೆ ಎಂಥದ್ದಿತ್ತು ಗೊತ್ತೇ? ಕಾಗೊಶಿಮಾದ ತೆರುಕುನಿ ದೇಗುಲದ, ಕುನಿಮುನೆ ಎಂಬ ಕಮ್ಮಾರನ ಕತ್ತಿ ಜಪಾನಿನ ರಾಷ್ಟ್ರೀಯ ನಿಧಿ. ಯುದ್ಧ ಮುಗಿದ ಮೇಲೆ ಕಾಣೆಯಾಗಿದ್ದ ಅದು ವಾಲ್ಟರ್ ಕಾಂಪ್ಟನ್ ಎಂಬ ಅಮೆರಿಕದ ಸಂಗ್ರಾಹಕರ ಬಳಿ ಸಿಕ್ಕಿತು. 1963ರಲ್ಲಿ ಅವರು ಹಣ ಪಡೆಯದೆ ಹಿಂದಿರುಗಿಸಿದರು. ಅದನ್ನು ನೆನೆದಾಗೆಲ್ಲ ನನ್ನ ಮನಸ್ಸು ತುಂಬುತ್ತದೆ.

ಅಲಗಿನ ಮೇಲೇ, ಹಿಡಿಯ ಸಮೀಪ, 1, 2, 3 ಎಂಬಂಥ ಅಂಕಿಗಳ ಸರಣಿ ಒತ್ತಿದ್ದರೆ ಅದು 1935ರ ಮಾದರಿ, ಹವಾಲ್ದಾರರಂಥ ಕೆಳದರ್ಜೆಯವರಿಗೆ ಕಾರ್ಖಾನೆಯಲ್ಲಿ ಮಾಡಿದ್ದು.

ಉತ್ತರ, ಶಿವಮೊಗ್ಗ

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ, ನಿಮಗಾದರೂ ಆಗದಿರಲಿ. ದೊಡ್ಡಪ್ಪ ಇಂಥದ್ದೇ ಒಂದರ ಬಾಲವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿಸಿ ಬೆಳ್ಳಗೆ ಮಾಡಿಸಿದರು. ಅಕ್ಷರ ಚೆನ್ನಾಗಿ ಕಾಣಲಿ ಎಂಬ ಆಸೆ ಅಷ್ಟೇ. ಬಲ್ಲವರಿಗೆ ತೋರಿಸಿದಾಗ, ಇನ್ನು ಇದರ ಕಾಲ ನಿರ್ಧರಿಸುವುದು ಕಷ್ಟ ಅಂದುಬಿಟ್ಟರು. ಇವತ್ತಿಗೂ ಆ ಕತ್ತಿ ನೋಡಿದರೆ ಹೊಟ್ಟೆಯಲ್ಲಿ ಸಂಕಟ.

ಅಕ್ಷರ ಓದಲು ಉಜ್ಜಬೇಕಾಗಿಲ್ಲ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಒಂದು ಬದಿ ಹೆಸರು, ಇನ್ನೊಂದು ಬದಿ ತಾರೀಖು ಇರಬಹುದು. ಶೋವಾ ಅಂದರೆ ಆಗಿನ ಜಪಾನಿ ಚಕ್ರವರ್ತಿಯ ಆಳ್ವಿಕೆಯ ಶಕ. ಹಾಗೆ ಬರೆದಿದ್ದರೆ ಅದರ ಮುಂದಿನ ಸಂಖ್ಯೆಗೆ 1925 ಕೂಡಿಸಿ.

ಉತ್ತರ, ಮಂಗಳೂರಿನವರು, ಈಗ ಫ್ರೀಮಾಂಟ್

ನಾನು ಕೂಡಿಡುವುದು ಅಲಗಲ್ಲ, ತ್ಸುಬ. ನೀವು ಹಿತ್ತಾಳೆ ಬಿಲ್ಲೆ ಅಂದಿರಲ್ಲ, ಅದೇ. ದಯವಿಟ್ಟು ಅದಕ್ಕೆ ಹುಣಸೆಹಣ್ಣು ಹಚ್ಚಬೇಡಿ! ಸೇನೆಯ ತ್ಸುಬಗಳ ಮೇಲೆ ಚಿನ್ನದ ಬಣ್ಣದ ತೆಳು ಲೇಪ ಉಳಿದಿದ್ದರೆ ಹುಳಿ ಅದನ್ನು ತಿಂದುಹಾಕುತ್ತದೆ. ಹಳೆಯ ತ್ಸುಬಗಳಲ್ಲಂತೂ ಮೇಲ್ಬಣ್ಣವೇ ಪ್ರಾಣ. ಶಕುದೊ ಅಂದರೆ ತಾಮ್ರಕ್ಕೆ ಒಂದಿಷ್ಟು ಚಿನ್ನ ಬೆರೆಸಿದ ಲೋಹ. ಅದರ ನೀಲಿಗಪ್ಪು ಬಣ್ಣವನ್ನು ಪಾಕದಲ್ಲಿ ಕುದಿಸಿ ಬರಿಸಿರುತ್ತಾರೆ, ಉಜ್ಜಿದರೆ ಕೆಂಪು ತಾಮ್ರ ಇಣುಕುತ್ತದೆ. ಕಿಂಡಿ ಕೊರೆದ ಕಬ್ಬಿಣದ ತ್ಸುಬ ಎಲ್ಲಾದರೂ ಕೊಳ್ಳುವುದಾದರೆ ಕಿಂಡಿಗಳ ಒಳಗೋಡೆ ನೋಡಿ. ಅಲ್ಲಿ ಅಚ್ಚಿನ ಜೋಡಣೆಯ ಗೆರೆಯೋ ಗುಳ್ಳೆಯ ಗುಳಿಗಳೋ ಕಂಡರೆ ಎರಕದ ನಕಲು.

ಹಿಡಿ ಬಿಚ್ಚುವಾಗ ತ್ಸುಬದ ಹಿಂದೆ ಮುಂದೆ ತೆಳು ತಗಡುಗಳು ಬರುತ್ತವೆ, ಅವು ಸೆಪ್ಪ. ಯಾವ ಕ್ರಮದಲ್ಲಿ, ಯಾವ ಮುಖ ಯಾವ ಕಡೆಗೆ ಎಂದು ಒಂದೊಂದಕ್ಕೂ ಫೋಟೊ ತೆಗೆದೇ ಬಿಚ್ಚಿ. ಅವುಗಳ ಮೇಲೆ ಒಂದೇ ಸಂಖ್ಯೆ ಒತ್ತಿದ್ದರೆ ಎಲ್ಲವೂ ಮೂಲದಿಂದ ಜೊತೆಗೇ ಉಳಿದಿವೆ ಎಂದರ್ಥ. ಹಿಡಿಯ ಪಟ್ಟಿಯಡಿಯ ಗರಗರ ಚರ್ಮ ನಮ್ಮ ಕಡೆಯ ತೊರಕೆ ಮೀನಿನ ಜಾತಿಯದ್ದೇ. ಅದಕ್ಕೆ ನೀರು ತಾಗಿಸಬೇಡಿ.

ಕೇಳಿದವರು, ಮಡಿಕೇರಿ

ಎಲ್ಲರಿಗೂ ತುಂಬಾ ಧನ್ಯವಾದ. ಭಾನುವಾರ ಅಪ್ಪನೂ ನಾನೂ ಸೇರಿ ಬಿಚ್ಚಿದೆವು. ಅಲಗು 65 ಸೆಂ.ಮೀ. ತೂತು ಒಂದೇ. ತುಕ್ಕು ತೆಳು, ಕೆಂಪುಗಂದು. ಒಂದು ಬದಿ ಹೆಸರಿನ ಅಕ್ಷರಗಳು, ಪಕ್ಕದಲ್ಲಿ ಚಿಕ್ಕ ಮುದ್ರೆ. ಇನ್ನೊಂದು ಬದಿ, ನಿಮ್ಮ ಲೆಕ್ಕದಂತೆ ಓದಿದರೆ, ಶೋವಾ 18, ಎಂಟನೇ ತಿಂಗಳು. ಅಂದರೆ 1943. ಸೆಪ್ಪಗಳ ಮೇಲೆ, ತ್ಸುಬದ ಮೇಲೆ ಒಂದೇ ಸಂಖ್ಯೆ ಇದೆ! ನಗೋಯಾಕ್ಕೆ ತಂದರೆ ಸರಿಯಾಗಿ ಸಾಣೆ ಹಿಡಿಸಬಹುದಾ?

ಉತ್ತರ, ನಗೋಯಾ

ಫೋಟೊ ನೋಡಿದೆ. ಮುದ್ರೆಯಲ್ಲಿರುವುದು ‘ಸೆಕಿ’ ಎಂಬ ಅಕ್ಷರ. ಇಲ್ಲಿಂದ ದೂರವಿಲ್ಲದ, ಗಿಫು ಪ್ರಾಂತ್ಯದ ಕತ್ತಿಯೂರು ಅದು. ಈ ಮುದ್ರೆಯ ಹೆಚ್ಚಿನ ಅಲಗುಗಳು ಯುದ್ಧಕಾಲದಲ್ಲಿ ಎಣ್ಣೆಯಲ್ಲಿ ಹದ ಮಾಡಿದ ಶೋವಾ-ತೊ. ನೀರಿನಲ್ಲಿ ಹದ ಮಾಡಿದ ಸಂಪ್ರದಾಯದ ನಿಹೊನ್‌ತೊ ಅಲ್ಲ.

ಆದ್ದರಿಂದ ಜಪಾನಿಗೆ ತರಲೇಬೇಡಿ. ಇಲ್ಲಿ ಕತ್ತಿ ಇಟ್ಟುಕೊಳ್ಳಲು ನೋಂದಣಿ ಪತ್ರ ಬೇಕು, ಅದು ಸಿಗುವುದು ಸಂಪ್ರದಾಯದಂತೆ ಮಾಡಿದ ಅಲಗಿಗೆ ಮಾತ್ರ. ಶೋವಾ-ತೊ ಬಂದರೆ ತಡೆಹಿಡಿಯುತ್ತಾರೆ, ನಾಶವೂ ಆಗಬಹುದು. ಸಾಣೆಯ ಖರ್ಚೂ ಇದಕ್ಕೆ ತಕ್ಕದ್ದಲ್ಲ. ಆದರೂ 1943ರಲ್ಲಿ ಸೆಕಿಯಿಂದ ಹೊರಟು, ಎರಡೇ ವರ್ಷದಲ್ಲಿ ನಿಮ್ಮ ತಾತನ ಕೈಗೆ ಬಂದ, ಒಂದು ತಗಡೂ ಬದಲಾಗದ ಕತ್ತಿ ಅದು. ನನ್ನ ಕಪಾಟಿನಲ್ಲಿರುವ ಯಾವುದಕ್ಕೂ ಇಷ್ಟು ನಿಚ್ಚಳವಾದ ಕಥೆ ಇಲ್ಲ. ತಾತ ಯಾವ ಪಡೆಯಲ್ಲಿದ್ದರು, ಎಲ್ಲಿ ಸಿಕ್ಕಿತು ಎಂದು ಅಪ್ಪನಿಗೆ ನೆನಪಿರುವಷ್ಟನ್ನೂ ಈಗಲೇ ಬರೆದಿಡಿ, ಪೆಟ್ಟಿಗೆಯಲ್ಲೇ ಇಡಿ.

ಮಡಿಕೇರಿಯ ಮಳೆಗೆ ಹೀಗೆ ಮಾಡಿ: ಮೆತ್ತನೆ ಹತ್ತಿ ಬಟ್ಟೆಯಿಂದ ಅಲಗು ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೀರಾ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ. ಒರೆಸುವಾಗ ಬಟ್ಟೆ ಬೆನ್ನಿನ ಕಡೆಯಿಂದ ಹೋಗಲಿ, ಕೈ ಜೋಪಾನ. ಬರಿಬೆರಳು ಅಲಗಿಗೆ ತಾಗಬಾರದು, ಬೆವರಿನ ಗುರುತು ವಾರದಲ್ಲೇ ತುಕ್ಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆಗೆದು ನೋಡಿ.