ಸ್ಕ್ರೂ ಕಂಪ್ರೆಸರ್ ಆಯಿಲ್ ಬೆಳ್ಳಗಾಗುತ್ತಿದೆ: ಗ್ರೇಡ್ ಬದಲಿಸಬೇಕೇ?

ಪ್ರಶ್ನೆ (ಪೀಣ್ಯ ಎರಡನೇ ಹಂತದಿಂದ):
ಮಾನ್ಯರೇ, ನಮ್ಮ ಸಣ್ಣ ಕಾರ್ಖಾನೆಯಲ್ಲಿ ಸಿಎನ್‌ಸಿ ಯಂತ್ರಗಳಿಗೆ ಗಾಳಿ ಒದಗಿಸಲು 20 ಎಚ್‌ಪಿ ಸ್ಕ್ರೂ ಕಂಪ್ರೆಸರ್ ಇದೆ. ಮಳೆಗಾಲ ಹಿಡಿದ ಮೇಲೆ ಸೈಟ್ ಗ್ಲಾಸ್‌ನಲ್ಲಿ (ಆಯಿಲ್ ಮಟ್ಟ ನೋಡುವ ಗಾಜಿನ ಕಿಂಡಿ) ಆಯಿಲ್ ಮಜ್ಜಿಗೆಯಂತೆ ಕಾಣುತ್ತಿದೆ. ಹಾಕಿರುವುದು 46 ಗ್ರೇಡಿನ (ಈ ಸಂಖ್ಯೆ ಹೆಚ್ಚಿದಷ್ಟೂ ಆಯಿಲ್ ಮಂದ) ಮಿನರಲ್ ಕಂಪ್ರೆಸರ್ ಆಯಿಲ್. ಪ್ಯಾನೆಲ್‌ನಲ್ಲಿ ತಾಪಮಾನ 58 ಡಿಗ್ರಿ ದಾಟುತ್ತಿಲ್ಲ. 68 ಗ್ರೇಡ್ ಹಾಕಿಸಿ ಎಂದು ಡೀಲರ್ ಹೇಳುತ್ತಾರೆ. ಸ್ಟೋರ್‌ನಲ್ಲಿರುವ ಹೈಡ್ರಾಲಿಕ್ 68 ಆಯಿಲನ್ನೇ ಬಳಸೋಣವೆಂಬುದು ನಮ್ಮ ಸೂಪರ್‌ವೈಸರ್ ಅವರ ಸಲಹೆ. ಯಾವುದು ಸರಿ?

ಉತ್ತರ 1 (ನಿರ್ವಹಣಾ ಎಂಜಿನಿಯರ್, ಬೊಮ್ಮಸಂದ್ರ):
ಎರಡೂ ಬೇಡ. ನೀವು ಬರೆದಿರುವ 58 ಡಿಗ್ರಿಯಲ್ಲೇ ಉತ್ತರವಿದೆ. ಹೊರಗಿನ ಗಾಳಿ 25 ಡಿಗ್ರಿಯಲ್ಲಿದ್ದು, ಅದರ ತೇವಾಂಶ ಶೇಕಡಾ 80ರಷ್ಟಿರುವಾಗ ಅದನ್ನು 7 ಬಾರ್‌ಗೆ ಒತ್ತಿದರೆ, ಅದರಲ್ಲಿರುವ ನೀರಾವಿ ಸುಮಾರು 60 ಡಿಗ್ರಿಯಲ್ಲೇ ನೀರಾಗತೊಡಗುತ್ತದೆ. ಅದಕ್ಕಿಂತ ತಣ್ಣಗೆ ಓಡುವ ಯಂತ್ರದಲ್ಲಿ ಆ ನೀರು ಗಾಳಿಯೊಂದಿಗೆ ಹೊರಹೋಗದೆ, ಗಾಳಿಯಿಂದ ಆಯಿಲನ್ನು ಬೇರ್ಪಡಿಸುವ ಸೆಪರೇಟರ್ ಟ್ಯಾಂಕಿನಲ್ಲೇ ಉಳಿದು ಆಯಿಲ್‌ನೊಂದಿಗೆ ಕಡೆಯಲ್ಪಡುತ್ತದೆ. ಗ್ರೇಡ್ ಯಾವುದಾದರೂ ಇದು ತಪ್ಪದು. ಯಂತ್ರವು 80ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ಓಡಬೇಕು. ಹೆಚ್ಚು ಹೊತ್ತು ಅನ್‌ಲೋಡ್‌ನಲ್ಲೇ (ಗಾಳಿ ಒತ್ತದೆ ಬರಿದೆ) ತಿರುಗುತ್ತಿದೆಯೇ, ಆಯಿಲ್‌ನ ಬಿಸಿಗೆ ತಕ್ಕಂತೆ ಅದನ್ನು ಕೂಲರ್‌ಗೆ ಬಿಡುವ ಥರ್ಮಲ್ ವಾಲ್ವ್ ತೆರೆದೇ ಸಿಕ್ಕಿಕೊಂಡು ಆಯಿಲನ್ನೆಲ್ಲ ಸದಾ ಕೂಲರ್‌ಗೆ ಕಳುಹಿಸುತ್ತಿದೆಯೇ ಎಂಬುದನ್ನು ಮೊದಲು ನೋಡಿಸಿ.

ರಾತ್ರಿಯಿಡೀ ನಿಂತ ಯಂತ್ರದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ, ಒತ್ತಡ ಸೊನ್ನೆಗೆ ಇಳಿದಿದೆಯೆಂದು ಖಚಿತಪಡಿಸಿಕೊಂಡು, ಟ್ಯಾಂಕಿನ ಕೆಳಗಿನ ಡ್ರೇನ್ ವಾಲ್ವನ್ನು ಸ್ವಲ್ಪವೇ ತಿರುಗಿಸಿ. ತಳದಲ್ಲಿ ನಿಂತ ನೀರು ಮೊದಲು ಬರುತ್ತದೆ. ಆಯಿಲ್ ಬರುತ್ತಿದ್ದಂತೆ ಮುಚ್ಚಿಬಿಡಿ. ಆದರೂ ಆಯಿಲ್ ತಿಳಿಯಾಗದಿದ್ದರೆ, ಬೇರಿಂಗ್‌ಗಳು ತುಕ್ಕು ಹಿಡಿಯುವ ಮೊದಲೇ ಪೂರ್ತಿ ಬದಲಿಸುವುದು ಲೇಸು.

ಉತ್ತರ 2 (ಲೂಬ್ರಿಕೆಂಟ್ ಮಾರಾಟ ವಿಭಾಗದಲ್ಲಿರುವವರು):
ಮೇಲಿನವರ ಮಾತಿಗೆ ನನ್ನ ಸಹಮತವಿದೆ. ಹೈಡ್ರಾಲಿಕ್ ಆಯಿಲ್‌ಗಳಲ್ಲಿ ಸಾಮಾನ್ಯವಾಗಿ ಸವೆತ ತಡೆಯುವ ಸತುವಿನ ಸಂಯುಕ್ತವಿರುತ್ತದೆ. ಬಿಸಿ ಗಾಳಿಯೊಂದಿಗೆ ನಿರಂತರ ಬೆರೆಯುವ ಕಂಪ್ರೆಸರ್‌ನಲ್ಲಿ ಅಂಥ ಆಯಿಲ್ ಬೇಗ ಕೆಟ್ಟು ಜಿಗುಟು ಕಟ್ಟಿ, ಸೆಪರೇಟರ್ ಎಲಿಮೆಂಟನ್ನು (ಆಯಿಲ್ ಸೋಸುವ ಫಿಲ್ಟರ್) ಮುಚ್ಚಿಹಾಕಬಲ್ಲದು; ಎಲಿಮೆಂಟಿನ ಬೆಲೆಯ ಮುಂದೆ ಆಯಿಲ್‌ನಲ್ಲಿ ಉಳಿಸಿದ ಹಣ ಲೆಕ್ಕಕ್ಕೆ ಬಾರದು. ಎಂಜಿನ್ ಆಯಿಲ್ ಅಂತೂ ಇನ್ನೂ ಸಲ್ಲದು, ಅದರ ಡಿಟರ್ಜೆಂಟ್ ಅಂಶ ನೀರನ್ನು ಬಿಡದೆ ಹಿಡಿದಿಡುತ್ತದೆ. ಗ್ರೇಡ್ ಏರಿಸಿ ಎಂದವರು, ನಮ್ಮ ವೃತ್ತಿಬಾಂಧವರಾದರೂ, ತಾಪಮಾನವನ್ನು ಕೇಳಿರಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಸಿಂಥೆಟಿಕ್ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ 1ರವರು:
ನೀರಿನ ಸಮಸ್ಯೆ ಬಗೆಹರಿಯುವವರೆಗೆ ಇಲ್ಲ. ಮಿನರಲ್ ಆಯಿಲ್ 2,000ದಿಂದ 4,000 ಗಂಟೆ ಬಂದರೆ ಪಿಎಒ (ಪಾಲಿಆಲ್ಫಾಓಲೆಫಿನ್) ಸಿಂಥೆಟಿಕ್ 8,000 ಗಂಟೆ ಬರುತ್ತದೆ ಎನ್ನುವುದು ಒಣ ಆಯಿಲ್‌ನ ಮಾತು. ಏಪ್ರಿಲ್‌ನಲ್ಲಿ ಶೆಡ್ ಕಾದು ಯಂತ್ರ 100 ಡಿಗ್ರಿಯ ಹತ್ತಿರ ಓಡುವಂತಾದರೆ ಆಗ ಯೋಚಿಸಿ, ಏಕೆಂದರೆ ಪ್ರತಿ 10 ಡಿಗ್ರಿ ಏರಿಕೆಗೆ ಆಯಿಲ್ ಕೆಡುವ ವೇಗ ಸುಮಾರು ಇಮ್ಮಡಿಯಾಗುತ್ತದೆ. ಪಿಎಜಿ (ಪಾಲಿಆಲ್ಕಿಲೀನ್ ಗ್ಲೈಕಾಲ್) ಬಗೆಯ ಸಿಂಥೆಟಿಕನ್ನು ಮಾತ್ರ ಮಿನರಲ್ ಆಯಿಲ್ ಉಳಿದಿರುವ ಯಂತ್ರಕ್ಕೆ ಸುರಿಯಬೇಡಿ, ಅವೆರಡೂ ಬೆರೆಯುವುದಿಲ್ಲ. ತೆಗೆದ ಹಳೆಯ ಆಯಿಲನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಮರುಬಳಕೆದಾರರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ.