ದಾಸವಾಳದ ಹಿಟ್ಟು ತಿಗಣೆ ನಡುವೆ ಓಡಾಡುವ ಬಿಳಿ ಹುಳು ಯಾವುದು? ಔಷಧಿ ಹೊಡೆಯಬೇಕಾ, ಬೇಡವಾ?

ಟೆರೇಸ್‌ಮಲ್ಲಿಗೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಕುವೆಂಪುನಗರದಲ್ಲಿ ನಮ್ಮದು ಎರಡನೇ ಮಹಡಿ, ಅದರ ಮೇಲೆ ಟೆರೇಸ್. ದಿನವಿಡೀ ಬಿಸಿಲು. ನಾಲ್ಕು ಬಣ್ಣದ ದಾಸವಾಳ, ಎರಡು ಗುಲಾಬಿ, ಕ್ರೋಟನ್, ನಂದಿಬಟ್ಟಲು, ಒಂದು ಕರಿಬೇವು ಇವೆ. ಶಿವರಾತ್ರಿ ಕಳೆದದ್ದೇ ಕೆಂಪು ದಾಸವಾಳಕ್ಕೆ ಹಿಟ್ಟು ತಿಗಣೆ (ಮೀಲಿಬಗ್) ಹತ್ತಿದೆ. ಚಿಗುರೆಲ್ಲ ಮುದುಡಿಕೊಂಡಿದೆ. ಮೊಗ್ಗು ಅರಳುವ ಮೊದಲೇ ಉದುರುತ್ತಿದೆ. ಕೆಳಗಿನ ಎಲೆಗಳ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಕಾಂಡದ ಮೇಲೆ ಬೆಳಗಿನಿಂದ ಸಂಜೆವರೆಗೆ ಕರಿ ಇರುವೆ ಸಾಲು.

ಇದು ಪ್ರತಿ ಬೇಸಿಗೆಯ ಗೋಳು, ಹೊಸದಲ್ಲ. ಆದರೆ ಈ ಸಲ ಆ ಬಿಳಿ ರಾಶಿಯ ನಡುವೆ ಬೇರೆ ಏನೋ ಇದೆ. ತಿಗಣೆಗಳು ಮೂರು-ನಾಲ್ಕು ಮಿಲಿಮೀಟರ್ ಇದ್ದರೆ ಇದು ಒಂದು ಸೆಂಟಿಮೀಟರ್ ಇದೆ. ಇದರದ್ದೂ ಬಿಳಿ ಮೈಯೇ, ಆದರೆ ಸುತ್ತಲೂ ಉದ್ದುದ್ದ ಎಳೆ ಜೋತಾಡುತ್ತವೆ. ಕಡ್ಡಿಯಲ್ಲಿ ಮುಟ್ಟಿದರೆ ಸರಸರ ಓಡುತ್ತದೆ. ತಿಗಣೆ ಹಾಗೆ ಓಡಲ್ಲ, ಅಲ್ವಾ? ಇದು ತಿಗಣೆಯ ತಾಯಿ ಅಂತ ನಮ್ಮ ಅತ್ತೆಯವರ ತೀರ್ಮಾನ.

ನರ್ಸರಿಯವರು ಒಂದು ಬಾಟಲಿ ಕೊಟ್ಟಿದ್ದಾರೆ. ಇಮಿಡಾಕ್ಲೋಪ್ರಿಡ್ ಅಂತ ಬರೆದಿದೆ. ಇನ್ನೂ ಮುಚ್ಚಳ ತೆಗೆದಿಲ್ಲ. ಹೂವು ದೇವರಿಗೆ ಇಡುತ್ತೇವೆ, ಎರಡು ವರ್ಷದ ಮಗಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾಳೆ. ಅದಕ್ಕೇ ಹಿಂಜರಿಕೆ. ಏನು ಮಾಡಲಿ?

ಗಾರ್ಡನ್‌ಗಿರಿ, ಬೆಂಗಳೂರು

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಮುದುಡಿದ ತುದಿಗಳನ್ನು ಕತ್ತರಿಸಿ ಕವರಿಗೆ ಹಾಕಿ ಕಟ್ಟಿ ಬಿಸಾಡಿ. ಉಳಿದದ್ದಕ್ಕೆ ಆ ಬಾಟಲಿಯದ್ದನ್ನು ಹೊಡೆಯಿರಿ. ಒಂದೇ ವಾರದಲ್ಲಿ ಎಲ್ಲ ಕ್ಲೀನ್. ಸ್ವಲ್ಪ ದಿನ ಹೂವು ಕೀಳಬೇಡಿ, ಅಷ್ಟೇ.

ಹಳೇ ರೈಟರ್, ಮೂಡಿಗೆರೆ ಕಡೆಯವನು

ತಂಗಿ, ಬಾಟಲಿಯನ್ನು ಮುಚ್ಚಿಯೇ ಇಡಿ. ನೀವು ನೋಡಿದ್ದು ತಿಗಣೆಯ ತಾಯಿ ಅಲ್ಲ, ಅದನ್ನು ತಿನ್ನೋಕೆ ಬಂದವನು. ಕ್ರಿಪ್ಟೋಲೀಮಸ್ ಅನ್ನುವ ಗುಲಗಂಜಿ ಹುಳುವಿನ (ಲೇಡಿಬರ್ಡ್ ದುಂಬಿ) ಮರಿ. ಮೈಮೇಲಿನ ಎಳೆಗಳು ಮೇಣದ್ದು. ತಿಗಣೆಯ ಮೈಮೇಲಿರುವುದೂ ಮೇಣವೇ. ವೇಷ ಹೆಚ್ಚುಕಡಿಮೆ ಒಂದೇ ಆದ್ದರಿಂದ ಜನ ತಿಗಣೆ ಅಂತಲೇ ತಿಳಿದು ಮೊದಲು ಇದನ್ನೇ ಹೊಸಕಿಹಾಕುತ್ತಾರೆ, ದೊಡ್ಡದಾಗಿ ಕಣ್ಣಿಗೆ ಬೀಳುವುದು ಇದೇ ತಾನೆ.

ನಾನು ಕಾಫಿ ತೋಟದಲ್ಲಿ ರೈಟರ್ ಆಗಿ ಕೆಲಸ ಮಾಡಿ ರಿಟೈರ್ ಆದವನು. ಈಗ ಇರುವುದು ಚಿಕ್ಕಮಗಳೂರು ಪೇಟೆಯಲ್ಲಿ, ಕುಂಡದಲ್ಲಿ ಹೂವು ಬೆಳೆಸಿಕೊಂಡು. ರೊಬಸ್ಟಾಕ್ಕೆ ಮಾರ್ಚ್-ಏಪ್ರಿಲ್‌ನಲ್ಲಿ ಹಿಟ್ಟು ತಿಗಣೆ ಬಂದರೆ ಮೊಗ್ಗಿನ ಗೊಂಚಲಿಗೇ ಕೂರುತ್ತದೆ, ಆ ವರ್ಷದ ಫಸಲಿಗೇ ಪೆಟ್ಟು. ಕ್ರಿಪ್ಟೋಲೀಮಸ್ ಈ ದೇಶಕ್ಕೆ ಬಂದದ್ದೇ ಕಾಫಿಯ ದೆಸೆಯಿಂದ. 1898ರಲ್ಲಿ ಆಸ್ಟ್ರೇಲಿಯಾದಿಂದ ತರಿಸಿ ಬಿಟ್ಟರು. ತರಿಸಿದ್ದು ಹಸಿರು ತಿಗಣೆ ಅನ್ನುವ ಬೇರೆ ಪೀಡೆಗೆ. ಅದನ್ನು ಈ ಹುಳು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಹಿಟ್ಟು ತಿಗಣೆ ರುಚಿಸಿತು, ದಕ್ಷಿಣದಲ್ಲಿ ನೆಲೆಯೂರಿತು. ನಿಮ್ಮ ಟೆರೇಸಿಗೆ ಯಾರೂ ಕರೆಯದೆ ಬಂದಿದೆ ಅಂದರೆ ಸುತ್ತಮುತ್ತ ಎಲ್ಲೋ ಬೇರು ಬಿಟ್ಟಿದೆ ಅಂತ ಲೆಕ್ಕ.

ಇದನ್ನು ಸಾಕುವ ಬಗೆ ನೋಡಿದರೆ ನಗು ಬರುತ್ತದೆ. ಕತ್ತಲೆ ಕೋಣೆಯಲ್ಲಿ ರ‍್ಯಾಕ್ ಮೇಲೆ ಸಿಹಿಕುಂಬಳಕಾಯಿ ಜೋಡಿಸುತ್ತಾರೆ. ಕಾಯಿಗೆ ಮೊದಲು ಹಿಟ್ಟು ತಿಗಣೆಯನ್ನು ಬೇಕಂತಲೇ ಹಬ್ಬಿಸುತ್ತಾರೆ. ತೊಟ್ಟಿನ ಪಕ್ಕದ ಏಣುಗಳ ಸಂದಿನಲ್ಲೆಲ್ಲ ಬೆಳ್ಳಗೆ ತುಂಬಿಕೊಂಡ ಮೇಲೆ ದುಂಬಿ ಬಿಡುತ್ತಾರೆ. ಅವು ತಿಗಣೆಯ ಮೊಟ್ಟೆ ಚೀಲದ ಹತ್ತಿರವೇ ತಮ್ಮ ಮೊಟ್ಟೆ ಇಡುತ್ತವೆ. ಸುಮಾರು ಒಂದು ತಿಂಗಳಿಗೆ ಹೊಸ ದುಂಬಿ ರೆಡಿ. ಬೆಳೆದ ದುಂಬಿ ನೋಡಿದರೆ ಗುಲಗಂಜಿ ಹುಳು ಅಂತ ಅನ್ನಿಸುವುದೇ ಇಲ್ಲ. ನಾಲ್ಕು ಮಿಲಿಮೀಟರ್ ಅಷ್ಟೇ, ಮೈ ಕಪ್ಪು, ತಲೆ ಮತ್ತು ಕತ್ತು ಇಟ್ಟಿಗೆ ಬಣ್ಣ. ಚುಕ್ಕೆ ಇಲ್ಲ. ಮುದುಡಿದ ಎಲೆ ಬಿಡಿಸಿ ನೋಡಿ, ಒಂದೆರಡು ಸಿಕ್ಕೇ ಸಿಗುತ್ತವೆ.

ಈಗ ನಿಮ್ಮ ಕೆಲಸ ಇರುವುದು ಇರುವೆ ಹತ್ತಿರ. ತಿಗಣೆ ರಸ ಕುಡಿದು ಹೆಚ್ಚಾದ ಸಿಹಿಯನ್ನು ಹಿಂದಿನಿಂದ ಬಿಡುತ್ತದೆ. ನಿಮ್ಮ ಎಲೆ ಮೇಲಿನ ಅಂಟು ಅದೇ. ಇರುವೆಗೆ ಅದು ಊಟ, ಹಾಗಾಗಿ ತಿಗಣೆಗೆ ಕಾವಲು ಕೂರುತ್ತದೆ. ದುಂಬಿ ಬಂದರೆ ಓಡಿಸುತ್ತದೆ, ತಿಗಣೆಯ ಮೈಯೊಳಗೆ ಮೊಟ್ಟೆ ಇಡೋಕೆ ಬರುವ ಸಣ್ಣ ಕಣಜಗಳನ್ನೂ ಬಿಡುವುದಿಲ್ಲ. ತೋಟದಲ್ಲೂ ನಾವು ಮೊದಲು ನೋಡುತ್ತಿದ್ದದ್ದು ಇರುವೆ ಗೂಡು, ಆಮೇಲೆ ತಿಗಣೆ.

ಕಾಂಡಕ್ಕೆ ಬುಡದಿಂದ ಒಂದು ಗೇಣು ಮೇಲೆ ಅಗಲದ ಟೇಪ್ ಸುತ್ತಿ, ಟೇಪಿನ ಮೇಲೆ ವ್ಯಾಸಲೀನ್ ದಪ್ಪಗೆ ಬಳಿಯಿರಿ. ನೇರ ತೊಗಟೆಗೆ ಬಳಿಯಬೇಡಿ. ಧೂಳು ಕೂತು ಒಣಗಿದ ಮೇಲೆ ಮತ್ತೆ ಬಳಿಯಬೇಕು. ಒಂದು ಕೊಂಬೆ ಗೋಡೆಗೋ ಪಕ್ಕದ ಕುಂಡಕ್ಕೋ ತಾಗಿದ್ದರೂ ಇರುವೆಗೆ ಅದೇ ಸೇತುವೆ, ಕತ್ತರಿಸಿ. ಕೆಲವರು ಕುಂಡವನ್ನು ನೀರಿನ ತಟ್ಟೆಯಲ್ಲಿ ಇಡುತ್ತಾರೆ. ಅದೂ ಆಗುತ್ತದೆ, ಆದರೆ ನೀರಿಗೆ ಸೋಪಿನ ಹನಿ ಹಾಕದಿದ್ದರೆ ಡೆಂಗಿ ಸೊಳ್ಳೆ ಸಾಕಿದಂತೆ.

ಗಾರ್ಡನ್‌ಗಿರಿಯವರೇ, ನೀವು ಹೇಳಿದ ಔಷಧಿ ಕೆಲಸ ಮಾಡುತ್ತದೆ, ಇಲ್ಲ ಅನ್ನಲ್ಲ. ಆದರೆ ಅದು ಗಿಡದ ರಸದಲ್ಲಿ ಸೇರಿಕೊಳ್ಳುವಂಥದ್ದು. ಹೂವಿನ ಮಕರಂದಕ್ಕೂ ಪರಾಗಕ್ಕೂ ಹೋಗುತ್ತದೆ. ವಿಷ ಕುಡಿದ ತಿಗಣೆಯನ್ನು ತಿಂದ ಮರಿಗೂ ಏಟು. ಜೇನಿಗಂತೂ ಕೇಳುವುದೇ ಬೇಡ. ಹೂವು ಬಾಯಿಗೆ ಹಾಕುವ ಮಗು ಇರುವ ಮನೆಗೆ ಅದನ್ನು ಹೇಳುವ ಮಾತೇ ಅಲ್ಲ.

ಗಾರ್ಡನ್‌ಗಿರಿ, ಬೆಂಗಳೂರು

ಮಗುವಿನ ವಿಷಯ ಸರಿ, ಒಪ್ಪಿದೆ. ಬೇವಿನ ಎಣ್ಣೆ ಆದರೂ ಹೊಡೆಯಬಹುದಾ? ಅದು ಸಾವಯವ ತಾನೆ?

ಹಳೇ ರೈಟರ್

ಸಾವಯವ ಅಂದ ಮಾತ್ರಕ್ಕೆ ಮರಿ ಉಳಿಯುತ್ತದೆ ಅಂತಿಲ್ಲ. ಬೇವಿನ ಎಣ್ಣೆಗೆ ಸೋಪು ಕಲಸಿಯೇ ಹೊಡೆಯಬೇಕು. ಮೆತ್ತನೆ ಮೈಯ ಯಾವ ಹುಳುವಿನ ಮೇಲೆ ಬಿದ್ದರೂ ಸೋಪು ಕೊಲ್ಲುತ್ತದೆ, ನಮ್ಮವನು ಯಾರು ಪರರು ಯಾರು ಅಂತ ಅದು ಕೇಳುವುದಿಲ್ಲ. ಮರಿ ಇಲ್ಲದ ಗಿಡಕ್ಕೆ ಸಂಜೆ ಹೊತ್ತು ಹೊಡೆಯಲಿ. ಈ ಕೆಂಪು ದಾಸವಾಳಕ್ಕೆ ಬೇಡ. ತುದಿ ಕತ್ತರಿಸಿ ಬಿಸಾಡುವುದಿದ್ದರೂ ಒಳಗೆ ಮರಿ ಇದೆಯಾ ನೋಡಿ, ಇದ್ದರೆ ಆ ತುಂಡನ್ನು ಇನ್ನೊಂದು ತಿಗಣೆ ಹತ್ತಿದ ಗಿಡದ ಮೇಲೆ ಸಿಕ್ಕಿಸಿ.

ಹಿಪ್ಪುನೇರಳೆ, ಕನಕಪುರ

ರೈಟರ್ ಹೇಳಿದ್ದಕ್ಕೆ ನಮ್ಮ ರೇಷ್ಮೆ ಕಡೆಯದ್ದೊಂದು ಸೇರಿಸ್ತೀನಿ. ಚಿಗುರು ಮುದುಡಿ ಗೊಂಚಲಾಗಿದೆ ಅಂದಿರಲ್ಲ, ಹಿಪ್ಪುನೇರಳೆಗೆ ಹಾಗಾದರೆ ನಾವು ತುಕ್ರ ಅಂತೀವಿ. ಅದನ್ನು ಮಾಡುವುದು ಗುಲಾಬಿ ಬಣ್ಣದ ಹಿಟ್ಟು ತಿಗಣೆ. ದಾಸವಾಳ ಅಂದರೆ ಅದಕ್ಕೆ ಪ್ರಾಣ. ಬಿಳಿ ಹಿಟ್ಟು ಒರೆಸಿದರೆ ಒಳಗೆ ಮೈ ನಸುಗೆಂಪು ಕಾಣುತ್ತೆ. ನಿಮ್ಮದೂ ಅದೇ ಇರಬೇಕು.

ನಮಗೆ ಔಷಧಿ ಹೊಡೆಯುವ ದಾರಿಯೇ ಇಲ್ಲ. ಸೊಪ್ಪಿನಲ್ಲಿ ವಿಷ ಇದ್ದರೆ ರೇಷ್ಮೆ ಹುಳು ಸಾಯುತ್ತೆ. ಅದಕ್ಕೇ ತುಕ್ರಕ್ಕೆ ಈ ದುಂಬಿ ಬಿಡುವ ಪದ್ಧತಿ ನಮ್ಮಲ್ಲಿ ಮೊದಲಿಂದ ಇದೆ. 2008ರಲ್ಲಿ ಕೊಯಮತ್ತೂರು ಕಡೆ ಪಪ್ಪಾಯ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಅದು ಹೊರದೇಶದಿಂದ ಬಂದ ಜಾತಿ. ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು, ದಾಸವಾಳ ಯಾವುದನ್ನೂ ಬಿಡಲಿಲ್ಲ. ಹೊಲಕ್ಕೆ ಹೊಲವೇ ಬೆಳ್ಳಗಾಗಿತ್ತು. ಕೊನೆಗೆ 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯವರು ಪೋರ್ಟೊ ರಿಕೊದಿಂದ ಮೂರು ಜಾತಿ ಸಣ್ಣ ಕಣಜ ತರಿಸಿದರು. ಅದರಲ್ಲಿ ಅಸೆರೋಫೇಗಸ್ ಅನ್ನುವುದು ಪೂರ್ತಿ ಗೆದ್ದಿತು. ಉದ್ದ ಒಂದು ಮಿಲಿಮೀಟರಿಗೂ ಕಮ್ಮಿ. ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಡುತ್ತೆ, ಮರಿ ಒಳಗಿಂದಲೇ ತಿಂದು ಮುಗಿಸುತ್ತೆ.

ಹುಳು ಕಣ್ಣಿಗೆ ಬೀಳದಿದ್ದರೂ ಕೆಲಸ ಗೊತ್ತಾಗುತ್ತೆ. ಕೈಲಿ ಭೂತಗನ್ನಡಿ ಹಿಡಿದು ಎಲೆ ಅಡಿ ನೋಡಿ. ಕೆಲವು ತಿಗಣೆ ಕಂದು ಬಣ್ಣಕ್ಕೆ ತಿರುಗಿ, ಊದಿಕೊಂಡು, ಗಟ್ಟಿಯಾಗಿ ಎಲೆಗೆ ಕಚ್ಚಿಕೊಂಡಿರುತ್ತವೆ. ಮೈಯ ಒಂದು ತುದಿಯಲ್ಲಿ ದುಂಡನೆಯ ತೂತು. ಕಣಜ ಹೊರಬಿದ್ದ ಬಾಗಿಲು ಅದು. ಅಂಥವು ಕಂಡರೆ ಎಲೆ ಕಿತ್ತು ಎಸೆಯಬೇಡಿ. ತೂತಿಲ್ಲದ ಕಂದು ಹೊಟ್ಟುಗಳಲ್ಲಿ ಇನ್ನೂ ಹುಳು ಕೂತಿರುತ್ತೆ.

ಟೆರೇಸ್‌ಮಲ್ಲಿಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒರೆಸಿ ನೋಡಿದೆ, ನಸುಗೆಂಪೇ. ಎಲೆ ಬಿಡಿಸಿದಾಗ ಇಟ್ಟಿಗೆ ಬಣ್ಣದ ತಲೆಯ ದುಂಬಿಯೂ ಸಿಕ್ಕಿತು. ಅತ್ತೆಯವರಿಗೆ ತೋರಿಸಿದೆ, ಅವರು ಇನ್ನೂ ನಂಬಿಲ್ಲ. ಟೇಪ್ ಕಟ್ಟಿದ್ದೇನೆ. ಕೆಳಗೆ ಇರುವೆಗಳು ಗುಂಪುಗೂಡಿ ಗಲಾಟೆ ಮಾಡುತ್ತಿವೆ.

ಇನ್ನೊಂದು ಕೇಳಬೇಕಿತ್ತು. ಇವು ಇಲ್ಲೇ ಉಳಿಯಬೇಕು ಅಂದರೆ ಏನು ಬೆಳೆಸಬೇಕು? ಚೆಂಡು ಹೂ ಹಾಕಿದರೆ ಕೆಟ್ಟ ಹುಳು ಬರಲ್ಲ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ನಿಜವಾ?

ಹಳೇ ರೈಟರ್

ಚೆಂಡು ಹೂವಿನ ವಿಷಯದಲ್ಲಿ ಅರ್ಧ ಸತ್ಯ. ಅದರ ಬೇರು ಮಣ್ಣಿನಲ್ಲಿರುವ ಜಂತುಹುಳುಗಳನ್ನು ಹತೋಟಿಯಲ್ಲಿಡುತ್ತದೆ, ಅದು ಹೌದು. ದಾಸವಾಳದ ತುದಿಗೆ ಕೂತ ತಿಗಣೆಗೆ ಪಕ್ಕದ ಕುಂಡದ ಚೆಂಡು ಹೂವಿನ ಚಿಂತೆ ಇಲ್ಲ. ಚಂದಕ್ಕೆ ಬೆಳೆಸಿ, ಔಷಧಿ ಅಂತ ಬೇಡ.

ಸಣ್ಣ ಕಣಜಗಳಿಗೂ ಹೂನೊಣಗಳಿಗೂ ಬೇಕಾದದ್ದು ಪುಟ್ಟ, ತೆರೆದ ಹೂವು. ಅವುಗಳ ಬಾಯಿ ಗಿಡ್ಡ, ದಾಸವಾಳದ ಆಳಕ್ಕೆ ಇಳಿಯುವುದಿಲ್ಲ. ಹತ್ತು ಸುತ್ತು ಎಸಳಿನ ಹೈಬ್ರಿಡ್ ಹೂವಿನಲ್ಲಿ ಪರಾಗಕ್ಕೆ ಜಾಗವೇ ಇರಲ್ಲ. ಅಡುಗೆಮನೆಯ ಧನಿಯಾ ಒಂದು ಹಿಡಿ ಬಿತ್ತಿ, ಸಬ್ಬಸಿಗೆ ಬಿತ್ತಿ. ಅರ್ಧ ಸಾರಿಗೆ ಕೊಯ್ಯಿರಿ, ಅರ್ಧ ಹೂ ಬಿಡಲಿ. ಸಬ್ಬಸಿಗೆಯ ಹಳದಿ ಛತ್ರಿ ಅರಳಿದ ಬೆಳಿಗ್ಗೆ ಒಂಬತ್ತು ಗಂಟೆಗೆ ಹೋಗಿ ನಿಂತು ನೋಡಿ. ಹೊಟ್ಟೆಗೆ ಹಳದಿ-ಕಪ್ಪು ಪಟ್ಟಿ ಇರುವ ನೊಣ ಗಾಳಿಯಲ್ಲಿ ಒಂದೇ ಕಡೆ ನಿಂತು, ಆಮೇಲೆ ಇಳಿದು ಪರಾಗ ನೆಕ್ಕುತ್ತದೆ. ಕಚ್ಚುವುದಿಲ್ಲ. ಬಹಳ ಜಾತಿಗಳಲ್ಲಿ ಅದರ ಮರಿ ಗಿಡಹೇನು ತಿಂದು ಬೆಳೆಯುವಂಥದ್ದು. ಗುಲಾಬಿ ಮೊಗ್ಗಿನ ಮೇಲೆ ಕಾಲಿಲ್ಲದ, ಹಸಿರು ಛಾಯೆಯ ಚಿಕ್ಕ ಹುಳು ಹೇನನ್ನು ಎತ್ತಿ ಹಿಡಿದು ಹೀರುತ್ತಿದ್ದರೆ ಅದೇ ಅಂತ ತಿಳಿಯಿರಿ. ಕಾಮಕಸ್ತೂರಿ, ತುಳಸಿ ಕುಡಿ ಚಿವುಟದೆ ಬಿಟ್ಟರೆ ಜೇನೂ ಬರುತ್ತದೆ.

ಜಾಗ ಇದ್ದರೆ ಒಂದು ದೊಡ್ಡ ಕುಂಡದಲ್ಲಿ ಎಕ್ಕ ಇಡಿ. ಜನ ಬೈಯಬಹುದು. ಅದಕ್ಕೆ ಹಳದಿ ಹೇನು ಕವಿಯುತ್ತದೆ, ಆ ಹೇನು ಎಕ್ಕ, ಕಣಗಿಲೆಯಂಥ ಹಾಲಿರುವ ಗಿಡ ಬಿಟ್ಟು ನಿಮ್ಮ ದಾಸವಾಳಕ್ಕೆ ಬರುವುದಿಲ್ಲ. ಆದರೆ ಅದನ್ನು ತಿನ್ನೋಕೆ ಬರುವ ಗುಲಗಂಜಿ ಹುಳು ನಿಮ್ಮ ಗುಲಾಬಿಯನ್ನೂ ನೋಡಿಕೊಳ್ಳುತ್ತದೆ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಮಗು ಇರುವುದರಿಂದ ನಿಮಗೆ ಈಗ ಬೇಡ, ಅವಳು ಶಾಲೆಗೆ ಹೋಗುವ ವಯಸ್ಸಾದ ಮೇಲೆ ನೋಡಿ.

ಗೊಬ್ಬರ ಮಿತಿಯಲ್ಲಿರಲಿ. ಯೂರಿಯಾ ಹಾಕಿ ಹಾಕಿ ಎಳೆ ಚಿಗುರು ಬರಿಸಿದರೆ ರಸ ಹೀರುವ ಹುಳುವಿಗೆ ಹಬ್ಬದೂಟ.

ಕಿಟಕಿತೋಟ, ಹುಬ್ಬಳ್ಳಿ

ನಡುವೆ ಬಾಯಿ ಹಾಕ್ತೀನಿ. ಗುಲಾಬಿ ಎಲೆ ಅಂಚಿನಾಗ ಯಾರೋ ಕತ್ತರಿಲೆ ದುಂಡಗ ಕತ್ತರಿಸಿದಂಗ ಆಗೇದ. ಹುಳ ಒಂದೂ ಕಾಣವಲ್ದು. ಮತ್ತ ದಾಸವಾಳದ ಎಲಿ ಅಡಿ ಕೂದಲಿನಂಥ ಕಡ್ಡಿ ಮ್ಯಾಲೆ ಬಿಳಿ ಚುಕ್ಕಿ ನಿಂತಾವ. ಬೂಷ್ಟೇನು?

ಹಿಪ್ಪುನೇರಳೆ

ಎರಡೂ ಒಳ್ಳೆ ಸುದ್ದಿ. ಎಲೆ ಕತ್ತರಿಸಿದ್ದು ಒಂದು ಜಾತಿ ಒಂಟಿ ಜೇನು. ತಿನ್ನಲ್ಲ, ತುಂಡು ಒಯ್ದು ಗೂಡಿಗೆ ಹಾಸುತ್ತೆ. ಗಿಡಕ್ಕೆ ಏನೂ ಆಗಲ್ಲ. ಕಡ್ಡಿ ಮೇಲಿನ ಚುಕ್ಕಿ ಹಸಿರು ಜಾಲರೆಕ್ಕೆ ಹುಳುವಿನ ಮೊಟ್ಟೆ. ರಾತ್ರಿ ಲೈಟಿಗೆ ಬರುವ, ಚಿನ್ನದ ಕಣ್ಣಿನ, ತೆಳು ಹಸಿರು ಹುಳು ನೋಡಿರ್ತೀರಿ. ಅದರ ಮರಿಯು ಗಿಡಹೇನು, ನುಸಿ, ತಿಗಣೆ ಮರಿ ಎಲ್ಲ ತಿನ್ನುತ್ತೆ, ಹಸಿವಾದರೆ ಪಕ್ಕದ ಮೊಟ್ಟೆಯನ್ನೂ ಬಿಡಲ್ಲ. ಮೊಟ್ಟೆಯನ್ನು ಕಡ್ಡಿ ಮೇಲೆ ಇಡುವುದರಿಂದ ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಒರೆಸಬೇಡಿ.

ಗಾರ್ಡನ್‌ಗಿರಿ

ಹಾಗಾದರೆ ಗುಲಗಂಜಿ ಹುಳು ಕಂಡರೆ ಎಲ್ಲವನ್ನೂ ಬಿಟ್ಟುಬಿಡಬೇಕಾ? ನನ್ನ ಬದನೆ ಎಲೆ ಜರಡಿ ಆಗಿದೆ, ಮೇಲೆ ಅವೇ ಕೂತಿವೆ. ಮತ್ತೆ ಕ್ರಿಪ್ಟೋಲೀಮಸ್ ಆನ್‌ಲೈನಲ್ಲಿ ಸಿಕ್ಕರೆ ತರಿಸಬಹುದಾ?

ಹಳೇ ರೈಟರ್

ಬದನೆಯದ್ದು ಬೇರೆ. ಅದಕ್ಕೆ ಇಪ್ಪತ್ತೆಂಟು ಚುಕ್ಕೆ, ಮೈಮೇಲೆ ನವಿರು ರೋಮ ಇರುವುದರಿಂದ ಹೊಳಪಿಲ್ಲ. ಅದು ಎಲೆ ಕೆರೆದು ತಿನ್ನುವ ಜಾತಿ. ಕೈಯಲ್ಲಿ ಆರಿಸಿ ಸೋಪು ನೀರಿಗೆ ಹಾಕಿ, ಎಲೆ ಅಡಿಯ ಹಳದಿ ಮೊಟ್ಟೆ ಗುಂಪನ್ನೂ ಉಜ್ಜಿ. ಹೊಳೆಯುವ ಮೈ ಇದ್ದರೆ ಬಿಡಿ. ಕಿತ್ತಳೆ ಮೈಮೇಲೆ ಕಪ್ಪು ಅಂಕುಡೊಂಕು ಗೆರೆ ಇರುವುದು ನಮ್ಮ ಕಡೆ ಬಹಳ ಸಾಮಾನ್ಯ, ಅದು ಗಿಡಹೇನು ತಿನ್ನುವವನು.

ನಾಲ್ಕು ಕುಂಡಕ್ಕೆ ದುಂಬಿ ತರಿಸುವುದು ದುಡ್ಡು ದಂಡ. ತಿಗಣೆ ಸಾಕಷ್ಟು ಸಿಗದಿದ್ದರೆ ಅವು ಹಾರಿ ಪಕ್ಕದ ಬೀದಿಗೆ ಹೋಗುತ್ತವೆ. ತೋಟ, ದ್ರಾಕ್ಷಿ ಬೆಳೆಯಂಥದ್ದಕ್ಕೆ ಅದು ಸರಿ. ಮನೆಯಲ್ಲಿ ಔಷಧಿ ನಿಲ್ಲಿಸಿ, ಇರುವೆ ತಡೆದು, ಒಂದಿಷ್ಟು ತಿಗಣೆ ಇರಲಿ ಅಂತ ಬಿಟ್ಟರೆ ತಾವೇ ಬರುತ್ತವೆ. ಪೂರ್ತಿ ಕ್ಲೀನ್ ಗಿಡದಲ್ಲಿ ಅವಕ್ಕೆ ಊಟವೇ ಇರಲ್ಲ, ಯಾಕೆ ಬರುತ್ತವೆ?

ಟೆರೇಸ್‌ಮಲ್ಲಿಗೆಯವರೇ, ಕಪ್ಪು ಬೂಷ್ಟು ಹಿಡಿದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದು ಗಿಡದೊಳಗಿನ ರೋಗ ಅಲ್ಲ, ಅಂಟು ನಿಂತರೆ ತಾನೇ ಹೋಗುತ್ತದೆ. ಮೊದಲ ಮಳೆಗೆ ಅರ್ಧ ತಿಗಣೆ ತೊಳೆದು ಹೋಗುತ್ತವೆ. ಟೇಪನ್ನು ಜೂನ್‌ವರೆಗೂ ಬಿಚ್ಚಬೇಡಿ, ಆದರೆ ಕಾಂಡ ದಪ್ಪಗಾಗುತ್ತಿದ್ದರೆ ಸಡಿಲ ಮಾಡಿ ಮತ್ತೆ ಸುತ್ತಿ.